ಇಬ್ಬರ ಮಾತು

ಬೆಳಿಗ್ಗೆ ಮುಖ ತೊಳೆದು ಬಂದ ದರ್ಜಿಯ ಹೆಂಡತಿ, ಇವತ್ತು ಕತ್ತಲಾಗುವ ತನಕ ತಾನು ಒಂದೇ ಒಂದು ಮಾತನ್ನೂ ಆಡುವುದಿಲ್ಲ ಎಂಬುದನ್ನು ಗಂಡನಿಗೆ ತಿಳಿಸಲು ಕಾಲು ಗಂಟೆ ಮಾತಾಡಿದಳು. ಸೋಮವಾರ ಆಪರೇಷನ್ನು; ಇವತ್ತು ಗುರುವಾರ. ಗಂಟಲಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದುಬಿಡುತ್ತಾರೆ, ಆಮೇಲೆ ಉಸಿರಾಟವೆಲ್ಲ ಕತ್ತಿನ ಬುಡದಲ್ಲಿ ಮಾಡುವ ತೂತಿನಿಂದ, ಮಾತು ಇರುವುದಿಲ್ಲ. "ಎಷ್ಟು ದಿನ?" ಎಂದು ಅವಳು ಕೇಳಿದ್ದಕ್ಕೆ ಡಾಕ್ಟರು ಪೆನ್ನಿನ ಮುಚ್ಚಳ ಹಾಕುತ್ತ "ಇನ್ನು ಮೇಲೆ" ಎಂದಿದ್ದರು. "ನಾಟಕ ಆಡೋರು ಎರಡು ಗಂಟೆ ಆಟಕ್ಕೆ ಒಂದು ತಿಂಗಳು ಪ್ರಾಕ್ಟೀಸ್ ಮಾಡ್ತಾರೆ. ನಮ್ಮದು ಉಳಿದ ಆಯಸ್ಸು ಪೂರ್ತಿ. ಒಂದು ದಿನವಾದ್ರೂ ಬೇಡವೇನ್ರೀ?" ಆರು ತಿಂಗಳಿನಿಂದ ಅವಳ ದನಿ ಒಡೆದುಹೋಗಿತ್ತು, ಗೋಣಿತಟ್ಟನ್ನು ಯಾರೋ ನಿಧಾನವಾಗಿ ಹರಿದಂತೆ ಕೇಳುತ್ತಿತ್ತು. "ಪ್ರಾಕ್ಟೀಸು ನನಗಲ್ಲ, ನಿಮಗೆ. ಸುಮ್ಮನಿರೋದು ಏನು ಮಹಾ, ಯಾರು ಬೇಕಾದ್ರೂ ಇರಬಹುದು. ಮಾತಾಡೋದು ಕಷ್ಟ. ಗಿರಾಕಿ, ಫೋನು, ಹಾಲಿನವನು, ಎಲ್ಲ ನಿಮ್ಮದೇ. ನಾನು ಬಾಯಿ ಬಿಡೋದು ಮನೆಗೆ ಬೆಂಕಿ ಬಿದ್ರೆ ಮಾತ್ರ." ದರ್ಜಿ "ಹೂಂ" ಅಂದ. "ಹೂಂ ಅನ್ನೋದು ಮಾತಲ್ಲ," ಎಂದು ಹೇಳಿ ಅವಳು ತುಟಿ ಮುಚ್ಚಿಕೊಂಡಳು. ಮನೆಯಲ್ಲಿ ಫ್ರಿಜ್ಜಿನ ಸದ್ದು ಕೇಳಿಸಿತು. ಇಷ್ಟು ವರ್ಷ ಆ ಫ್ರಿಜ್ಜು ಹೀಗೆ ಗೊಣಗುತ್ತಿತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಉದ್ದ ಮೇಜು, ಎರಡು ಮೆಷಿನ್ನು, ನಿಲುವುಗನ್ನಡಿ, ಅದರ ಪಕ್ಕ ಅವಳ ಎತ್ತರದ ಸ್ಟೂಲು. ಮೂವತ್ತೆರಡು ವರ್ಷದಿಂದ ಅಲ್ಲಿ ನಡೆಯುತ್ತಿದ್ದದ್ದು ಇಷ್ಟೆ: ಅವನು ಟೇಪು ಹಿಡಿದು ಗಿರಾಕಿಯ ಸುತ್ತ ಸುತ್ತುತ್ತ ಅಂಕಿಗಳನ್ನು ಹೇಳುತ್ತಿದ್ದ, ಅವಳು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಉಳಿದದ್ದನ್ನೆಲ್ಲ ಹೇಳುತ್ತಿದ್ದಳು. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಳ್ಳುವ ಅಭ್ಯಾಸ ಅವನಿಗೆ ಹೊಲಿಗೆ ಕಲಿಸಿದ ಗುರುಗಳಿಂದ ಬಂದದ್ದು ಎಂದು ಎಲ್ಲರೂ ತಿಳಿದಿದ್ದರು. ನಿಜಕ್ಕೂ ಅದು ಮದುವೆಯಾದ ಎರಡನೇ ವರ್ಷ ಶುರುವಾಗಿತ್ತು. ಬಾಯಲ್ಲಿ ಸೂಜಿಯಿರುವವನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿದರೂ ಪಕ್ಕದಿಂದ ಉತ್ತರ ಬರುತ್ತಿತ್ತು, ಕೇಳದ ಪ್ರಶ್ನೆಗಳ ಉತ್ತರವೂ ಸೇರಿ. ಬೋರ್ಡಿನಲ್ಲಿ ಏನೇ ಬರೆದಿರಲಿ, ಬೀದಿಯವರ ಬಾಯಲ್ಲಿ ಅದು ರೇಡಿಯೋ ಟೈಲರ್ಸ್. ಆ ಹೆಸರಿನಲ್ಲಿ ತನ್ನ ಪಾಲು ಬರೀ ಟೈಲರ್ ಎಂದು ಗೊತ್ತಾದಾಗಲೂ ಅವನಿಗೆ ಬೇಸರವಾಗಿರಲಿಲ್ಲ. ಬೇಸರವಾಗಿರಲಿಲ್ಲ ಎನ್ನುವುದೇ ಈಗ ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು. ಯಾಕೆಂದರೆ ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ "ಇನ್ನು ಮೇಲೆ" ಎಂದ ಗಳಿಗೆಯಲ್ಲಿ, ಹೆದರಿಕೆಗಿಂತ ಮುಂಚೆ, ಅವಳ ಕೈ ಹಿಡಿಯಬೇಕು ಅನ್ನಿಸುವುದಕ್ಕೂ ಮುಂಚೆ, ಅವನೊಳಗೆ ಯಾರೋ ಒಬ್ಬ "ಅಬ್ಬ" ಎಂದು ಕಾಲು ಚಾಚಿ ಕೂತಿದ್ದ. ಅರೆ ಕ್ಷಣ ಅಷ್ಟೆ. ಆ ಮೇಲೆ ಹೆದರಿಕೆ ಬಂತು, ದುಃಖ ಬಂತು, ಬರಬೇಕಾದದ್ದೆಲ್ಲ ಬಂತು. ಆದರೆ ಮೊದಲು ಬಂದವನು ಅವನು. ಅವನನ್ನು ಒಳಗೆ ಬಿಟ್ಟವರು ಯಾರು ಎಂದು ದರ್ಜಿ ಹನ್ನೊಂದು ದಿನದಿಂದ ಕೇಳಿಕೊಳ್ಳುತ್ತಿದ್ದ.

ಹತ್ತು ಗಂಟೆಗೆ ವಕೀಲರು ಕರಿ ಕೋಟು ಹಿಡಿದುಕೊಂಡು ಬಂದರು. ಹಳೇ ಗಿರಾಕಿ. ಕೋಟು ಹಾಕಿ ಕನ್ನಡಿಯ ಮುಂದೆ ನಿಂತು ಗುಂಡಿ ಹಾಕಲು ನೋಡಿದರು. ಗುಂಡಿ ಒಂದು ದಡ, ಕಾಜಾ ಇನ್ನೊಂದು ದಡ. "ಇದ್ಯಾಕೆ ಹೀಗಾಯ್ತು?" ಎಂದು ಕನ್ನಡಿಯಲ್ಲಿದ್ದ ದರ್ಜಿಯನ್ನು ಕೇಳಿದರು. ಈ ಪ್ರಶ್ನೆಗೆ ಅಂಗಡಿಯಲ್ಲಿ ಮೂವತ್ತೆರಡು ವರ್ಷದಿಂದ ಒಂದು ಉತ್ತರವಿತ್ತು, ಅದನ್ನು ಅವನು ಸಾವಿರ ಸಲ ಕೇಳಿರಲೇಬೇಕು, ಆದರೆ ಕಿವಿಯ ಮೇಲೆ ಬಿದ್ದದ್ದೆಲ್ಲ ಕಿವಿಯ ಒಳಗೆ ಹೋಗಿರುತ್ತದೆಂದು ಯಾರು ಹೇಳಿದರು. ಅವನು ಸೂಜಿಗಳನ್ನು ಅಂಗೈಗೆ ಉಗುಳಿಕೊಂಡು, ಗಂಟಲು ಸರಿಮಾಡಿಕೊಂಡು, "ನೀವು ದಪ್ಪ ಆಗಿದ್ದೀರಿ" ಎಂದ. ಸ್ಟೂಲಿನ ಮೇಲಿಂದ ಉಸಿರು ಎಳೆದುಕೊಂಡ ಸದ್ದು ಬಂತು. ವಕೀಲರ ಹಿಂದೆ ನಿಂತ ಹೆಂಡತಿ ಅಳತೆ ಪುಸ್ತಕದ ಹಾಳೆಯಲ್ಲಿ ಏನನ್ನೋ ದೊಡ್ಡದಾಗಿ ಬರೆದು, ಅವನಿಗೆ ಕಾಣುವಂತೆ ಎತ್ತಿ ಹಿಡಿದಳು. ಅವನಿಗಿಂತ ಮೊದಲು ಅದು ಕನ್ನಡಿಯಲ್ಲಿ ವಕೀಲರಿಗೆ ಕಂಡಿತು. ತಿರುಗುಮುರುಗಾದ ಅಕ್ಷರಗಳನ್ನು ಓದಲಾರದೆ ಅವರು ಕತ್ತು ವಾಲಿಸಿ ನೋಡಿದರು, ಕಡೆಗೆ ಪೂರ್ತಿ ಹಿಂದಕ್ಕೆ ತಿರುಗಿ, ಕೋರ್ಟಿನಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದರು: "ಬಟ್ಟೆ ಕುಗ್ಗಿದೆ ಅನ್ನಿ."

"ಅಂದ್ರೆ ಹೋದ ಸಲ, ಅದರ ಹಿಂದಿನ ಸಲ," ಎಂದರು ವಕೀಲರು, "ಬಟ್ಟೆ ಕುಗ್ಗಿರಲಿಲ್ಲ." ಹೆಂಡತಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. "ಯಾಕಮ್ಮ, ಇವತ್ತು ರೇಡಿಯೋ ಬಂದ್ ಆಗಿದೆ?" ಅವಳು ಪುಸ್ತಕ ಇಳಿಸಿ ಗಂಡನನ್ನು ತೋರಿಸಿದಳು. ಅವರು ದರ್ಜಿಯ ಕಡೆ ನೋಡಿದರು. ಆಗ ದರ್ಜಿಗೆ ಹೊಳೆಯಿತು, ಈ ವಿಷಯವನ್ನು ತಾನು ಇಲ್ಲಿಯವರೆಗೆ ಒಬ್ಬರಿಗೂ ಹೇಳಿಲ್ಲ. ಬಂಧುಗಳಿಗೆ, ನೆರೆಮನೆಗೆ, ಹಾಲಿನವನಿಗೆ ಕೂಡ ಹೇಳಿದವಳು ಅವಳೇ. ತನ್ನ ಮಾತು ಹೋಗುವ ಸುದ್ದಿಯನ್ನೂ ಅವಳೇ ಊರಿಗೆಲ್ಲ ಹೇಳಿ ಮುಗಿಸಿದ್ದಳು. "ಸೋಮವಾರದಿಂದ," ಎಂದು ಅವನು ಶುರುಮಾಡಿದ. ಮುಂದಿನದು ಸೂಜಿಯ ಹಾಗೆ ನಾಲಗೆಗೆ ಅಡ್ಡ ಸಿಕ್ಕಿಕೊಂಡಿತು. "ಸೋಮವಾರದಿಂದ ಇವಳಿಗೆ ಮಾತು ಇರೋದಿಲ್ಲ. ಗಂಟಲ ಆಪರೇಷನ್ನು. ಇವತ್ತು ಪ್ರಾಕ್ಟೀಸು." ವಕೀಲರ ಮುಖದಲ್ಲಿ ಏನೇನೋ ಬಂದು ಹೋಯಿತು. ಒಳ್ಳೆಯ ಮನುಷ್ಯ, ಒಳ್ಳೆಯವರಿಗೆ ಇಂಥ ಹೊತ್ತಿನಲ್ಲಿ ತೋಚುವುದು ತಮಾಷೆಯೇ. ದರ್ಜಿಯ ಹೆಗಲು ತಟ್ಟಿ, "ಹೋಗ್ಲಿ ಬಿಡಿ, ಒಂದು ಲೆಕ್ಕಕ್ಕೆ ನಿಮಗೆ ಆರಾಮ ಆಯ್ತು" ಎಂದುಬಿಟ್ಟರು.

ದರ್ಜಿ ಟೇಪನ್ನು ಅವರ ಸೊಂಟಕ್ಕೆ ಬಿಗಿದ. "ನಲವತ್ತೆಂಟೂವರೆ," ಎಂದು ಬೀದಿಯ ಆಚೆ ಬದಿಯ ಪಂಕ್ಚರ್ ಅಂಗಡಿಯವನಿಗೂ ಕೇಳುವಂತೆ ಕೂಗಿದ. ಹೆಂಡತಿ ಬರೆಯದೆ ತಲೆಯೆತ್ತಿದಳು. ಟೇಪಿನ ಮೇಲೆ ನಲವತ್ತನಾಲ್ಕು ಇತ್ತು, ಅದು ಅವಳಿಗೂ ಕಾಣುತ್ತಿತ್ತು. "ನಲವತ್ತೆಂಟೂವರೆ, ಬರ್ಕೋ," ಎಂದು ಅವನು ಇನ್ನೊಂದು ಸಲ ಕೂಗಿದ. ಅಷ್ಟು ಗಟ್ಟಿಯಾಗಿ ಅವನು ಅಂಗಡಿಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಪಂಕ್ಚರ್ ಅಂಗಡಿಯವನು ಟೈರು ಬಿಟ್ಟು ಎದ್ದು ನಿಂತು ವಕೀಲರ ಸೊಂಟವನ್ನು ನೋಡಿದ. ತಾನು ಹೊಡೆಯಬೇಕಿದ್ದ, ಒಳಗೆ ಕಾಲು ಚಾಚಿ ಕೂತವನನ್ನು ಬಿಟ್ಟು ಯಾರಿಗೋ ಹೊಡೆದಂತಾಯಿತು ಎಂದು ದರ್ಜಿಗೆ ಅವರು ಹೊರಟುಹೋದ ಮೇಲೆ ಅನ್ನಿಸಿತು.

ಹನ್ನೊಂದಕ್ಕೆ ಸರಿಯಾಗಿ ಫೋನು ಹೊಡೆದುಕೊಂಡಿತು. ಹೆಂಡತಿಯ ಅಕ್ಕ. ದಿನಾ ಈ ಹೊತ್ತಿಗೆ ಅಕ್ಕತಂಗಿಯರು ಒಂದು ಗಂಟೆ ಮಾತಾಡುತ್ತಿದ್ದರು. ಅವನು ಆ ಒಂದು ಗಂಟೆಯಲ್ಲಿ ಎರಡು ಪ್ಯಾಂಟು ಹೊಲಿದು ಮುಗಿಸುತ್ತಿದ್ದ. ಹೆಂಡತಿ ಫೋನನ್ನು ಅವನ ಕೈಗೆ ಕೊಟ್ಟಳು. "ಅತ್ತಿಗೆ, ನಾನು. ಅವಳು ಇವತ್ತು ಮಾತಾಡೋದಿಲ್ಲ." ಆ ಕಡೆ ಅತ್ತಿಗೆಯ ದನಿ ಏರಿತು. "ಏನು ಮಾಡಿದ್ರಿ ನೀವು?" "ನಾನೇನೂ ಮಾಡಿಲ್ಲ." "ಇಂಥ ಹೊತ್ತಲ್ಲಿ ಅವಳ ಹತ್ರ ಜಗಳ ಆಡ್ತೀರಲ್ಲ, ಇರೋದೇ ನಾಲ್ಕು ದಿನದ ಮಾತು." ಜಗಳವಲ್ಲ, ಪ್ರಾಕ್ಟೀಸು ಎಂದು ತಿಳಿಸುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಹೆಂಡತಿ ಎದುರಿಗೆ ನಿಂತು ಏನೋ ಸನ್ನೆ ಮಾಡತೊಡಗಿದಳು. ಎರಡೂ ತೋಳು ಚಾಚಿ ದಪ್ಪದ್ದೇನನ್ನೋ ಅಪ್ಪಿಕೊಂಡಳು. ಆಮೇಲೆ ತಲೆ ವಾಲಿಸಿ ಕಣ್ಣು ಮುಚ್ಚಿದಳು. ಆಮೇಲೆ ಫೋನನ್ನು ತೋರಿಸಿ, ನೆಲವನ್ನು ತೋರಿಸಿದಳು. "ಇರಿ ಅತ್ತಿಗೆ, ಏನೋ ಹೇಳ್ತಿದಾಳೆ. ಯಾರೋ ದಪ್ಪಗಿರೋರನ್ನ ಅಪ್ಪಿಕೊಂಡು ಮಲಗಬೇಕಂತೆ. ಇಲ್ಲಿ. ನಿಮಗೆ ಗೊತ್ತಿರೋರಂತೆ." ಹೆಂಡತಿ ಹಣೆಗೆ ಕೈಯಿಟ್ಟುಕೊಂಡು, ಪೆನ್ಸಿಲ್ ಎಳೆದು, ಬರೆದು ತೋರಿಸಿದಳು. ಅವಳ ಅಂಕಿಗಳನ್ನು ಅವನು ಕಣ್ಣುಮುಚ್ಚಿ ಓದಬಲ್ಲ; ಅವಳ ಅಕ್ಷರಗಳನ್ನು ಓದುವ ಪ್ರಸಂಗವೇ ಇಷ್ಟು ವರ್ಷ ಬಂದಿರಲಿಲ್ಲ. ಒಂದಕ್ಕೊಂದು ಆತುಕೊಂಡು, ಮಾತಿನಷ್ಟೇ ಅವಸರದಲ್ಲಿ ಓಡುತ್ತಿದ್ದ ಆ ಗೀಟುಗಳಲ್ಲಿ ಅವನಿಗೆ ಕಂಡದ್ದು "ದನ" ಎಂಬ ಎರಡಕ್ಷರ. "ದನ ಅಂತೆ," ಎಂದ.

ಅವಳು ಫೋನು ಕಿತ್ತುಕೊಂಡಳು. "ದಿಂಬು, ಅಕ್ಕ. ಭಾನುವಾರ ಬರ್ತಾ ನಿಮ್ಮನೆ ದಪ್ಪ ದಿಂಬು ತಗೊಂಬಾ. ಆಸ್ಪತ್ರೆದು ಚಪ್ಪಟೆ." ಇಷ್ಟು ಹೇಳಿ ಫೋನನ್ನು ಅವನ ಕೈಗೆ ಒತ್ತಿ, ಬೆಂಕಿ ಬಿದ್ದದ್ದಕ್ಕೆ ತಾನು ಜವಾಬ್ದಾರಳಲ್ಲ ಎನ್ನುವ ಮುಖ ಮಾಡಿ, ಸ್ಟೂಲು ಹತ್ತಿ ಕೂತಳು. ದರ್ಜಿ ಫೋನು ಕಿವಿಗಿಟ್ಟ. ಆ ಕಡೆ ಅತ್ತಿಗೆ ಹೇಳುತ್ತಿದ್ದಳು: "ಇನ್ನೊಂದು ಸಲ ಹೇಳೇ. ಏನಾದ್ರೂ ಹೇಳು. ದಿಂಬು ಅಂತಲೇ ಹೇಳು." ಅವನು ಸ್ಟೂಲಿನ ಕಡೆ ನೋಡಿದ. "ನಾನಿದ್ದೀನಿ ಅತ್ತಿಗೆ," ಎಂದ ಕಡೆಗೆ. ಆ ಕಡೆಯವಳು ಮೂಗು ಒರೆಸಿಕೊಳ್ಳುವುದು ಕೇಳಿಸಿತು. "ನಿಮ್ಮನ್ನ ಯಾರು ಕೇಳಿದ್ರು," ಎಂದಳು, ಆದರೆ ಫೋನು ಇಡಲಿಲ್ಲ. ಅವನೂ ಇಡಲಿಲ್ಲ. ಏನು ಹೇಳುವುದೆಂದು ತಿಳಿಯದೆ ಆವತ್ತು ಹೊಲಿಯಬೇಕಾಗಿದ್ದ ಬಟ್ಟೆಗಳ ಪಟ್ಟಿ ಒಪ್ಪಿಸಿದ: ಎರಡು ಪ್ಯಾಂಟು, ಒಂದು ಕೋಟಿನ ರಿಪೇರಿ, ಶಾಲೆಯ ಮೂರು ಯೂನಿಫಾರ್ಮು. ಅತ್ತಿಗೆ ಅದನ್ನು ಪೂರ್ತಿ ಕೇಳಿಸಿಕೊಂಡಳು.

ಮಧ್ಯಾಹ್ನ ಆಸ್ಪತ್ರೆಗೆ ಹೋಗಬೇಕಿತ್ತು. ಮಾತಿನ ತರಬೇತಿ ಕೊಡುವ ಹುಡುಗಿಯ ಕೋಣೆ ಎರಡನೇ ಮಹಡಿಯಲ್ಲಿ, ಉದ್ದ ಓಣಿಯ ತುದಿಗೆ. ಗೋಡೆಯ ಮೇಲೆ ಸೀಳಿ ತೋರಿಸಿದ ಗಂಟಲಿನ ಬಣ್ಣದ ಚಿತ್ರ. ದರ್ಜಿಗೆ ಆ ಚಿತ್ರ ಬಿಚ್ಚಿಟ್ಟ ಕಾಲರಿನ ಹಾಗೆ ಕಂಡಿತು, ಒಳಗಿನ ಹೊಲಿಗೆಯೆಲ್ಲ ಹೊರಗೆ. ಹುಡುಗಿಯ ಪಕ್ಕದಲ್ಲಿ ಒಬ್ಬ ಮುದುಕ ಕೂತಿದ್ದ. ಕತ್ತಿಗೆ ತೆಳು ಬಟ್ಟೆ. ನಾಲ್ಕು ವರ್ಷದ ಹಿಂದೆ ಇದೇ ಆಪರೇಷನ್ ಆದ ಬಸ್ ಕಂಡಕ್ಟರು, ಈಗ ನಿವೃತ್ತ. ಹೊಸಬರಿಗೆ ಧೈರ್ಯ ಹೇಳಲು ಬರುತ್ತಾನೆ. ಟಾರ್ಚಿನಂಥ ಯಂತ್ರವನ್ನು ಗದ್ದದ ಕೆಳಗೆ ಒತ್ತಿಕೊಂಡು ತುಟಿ ಆಡಿಸಿದ. ಕೋಣೆಯಲ್ಲಿ ಮಿಕ್ಸಿ ಮಾತಾಡಿತು. "ಹೆದರಬೇಡಿ. ಎಲ್ಲ ಸರಿ ಹೋಗುತ್ತೆ." ಹೆಂಡತಿಯ ಕಣ್ಣುಗಳು ಅಗಲವಾದವು. "ಮುಂದೆ ಹೋಗಿ, ಮುಂದೆ ಹೋಗಿ, ಚಿಲ್ಲರೆ ಇಟ್ಕೊಳ್ಳಿ," ಎಂದ ಕಂಡಕ್ಟರು, ಯಂತ್ರದಲ್ಲಿ ಏನು ಬೇಕಾದರೂ ಹೇಳಬಹುದೆಂದು ತೋರಿಸಲು. ಹುಡುಗಿ ಗಾಯ ಮಾಗಿದ ಮೇಲೆ ಇದನ್ನು ಕಲಿಯಬಹುದು, ಬೇರೆ ದಾರಿಗಳೂ ಇವೆ, ಯಾವುದರಲ್ಲೂ ಮೊದಲಿನ ದನಿ ಮಾತ್ರ ವಾಪಸು ಬರುವುದಿಲ್ಲ ಎಂದು ವಿವರಿಸಿದಳು. "ನಿಮಗೇನಾದ್ರೂ ಕೇಳೋದಿದೆಯಾ?" ಹೆಂಡತಿ ಗಂಡನ ಕಡೆ ನೋಡಿದಳು. ಪ್ರಾಕ್ಟೀಸು. ಕೇಳಬೇಕಾದವನು ಅವನು. ಅವನ ತಲೆಯಲ್ಲಿ ಒಂದೇ ಒಂದು ಪ್ರಶ್ನೆಯೂ ಇರಲಿಲ್ಲ. ಇದ್ದದ್ದು ಆ ಕಾಲು ಚಾಚಿ ಕೂತವನು. "ಅದಕ್ಕೆ," ಎಂದು ಯಂತ್ರ ತೋರಿಸಿ, "ಬ್ಯಾಟರಿ ಎಷ್ಟು ದಿನ ಬರುತ್ತೆ?" ಎಂದು ಕೇಳಿದ. ಹುಡುಗಿ ಬರೆದುಕೊಂಡಳು. ಹೆಂಡತಿ ಮೇಲೆ ಫ್ಯಾನಿನ ಕಡೆ ನೋಡಿದಳು.

ಆಮೇಲೆ ಅವಳು ಚೀಟಿಯ ಮೇಲೆ ಏನೋ ಬರೆದು ಕಂಡಕ್ಟರನ ಮುಂದೆ ತಳ್ಳಿದಳು. ಈ ಸಲ ಅಕ್ಷರಗಳನ್ನು ಬಿಡಿಬಿಡಿಯಾಗಿ, ಶಾಲೆಯ ಮಗುವಿನ ಹಾಗೆ ಬರೆದಿದ್ದಳು. ದರ್ಜಿಗೂ ಓದಲು ಬಂತು: "ನಗು?" ಕಂಡಕ್ಟರು ಚೀಟಿ ನೋಡಿದ, ಅವಳ ಮುಖ ನೋಡಿದ, ಯಂತ್ರವನ್ನು ಮೇಜಿನ ಮೇಲಿಟ್ಟ. ಆಮೇಲೆ ನಕ್ಕ. ಬಾಯಿ ತೆರೆಯಿತು, ಹೊಟ್ಟೆ ಕುಲುಕಿತು, ಕಣ್ಣಲ್ಲಿ ನೀರು ಬಂತು, ಕತ್ತಿನ ಬಟ್ಟೆ ಪಟಪಟ ಹಾರಿತು. ಸದ್ದು ಮಾತ್ರ ಇಲ್ಲ. ಗಾಜಿನ ಆಚೆ ಯಾರೋ ನಗುತ್ತಿರುವಂತೆ. ಅವನು ಬೇಕೆಂದೇ ಸ್ವಲ್ಪ ಜಾಸ್ತಿ ಹೊತ್ತು ನಕ್ಕ, ಅವಳಿಗೆ ಚೆನ್ನಾಗಿ ಗೊತ್ತಾಗಲಿ ಎಂದು. ದರ್ಜಿ ಮಾತಿನ ಬಗ್ಗೆ ಎಷ್ಟೆಲ್ಲ ಯೋಚಿಸಿದ್ದ; ನಗುವೂ ಅದೇ ದಾರಿಯಲ್ಲಿ ಹೊರಗೆ ಬರುವುದು ಎಂದು ಹೊಳೆದಿರಲಿಲ್ಲ. ಹೆಂಡತಿ ಕಂಡಕ್ಟರನಿಗೆ ಕೈ ಮುಗಿದು ಎದ್ದಳು.

ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ಬೆಂಚು ಖಾಲಿಯಿತ್ತು. ಇಳಿಹೊತ್ತಿನ ಬಿಸಿಲು ಅವಳ ಮಡಿಲಲ್ಲಿದ್ದ ಎಕ್ಸ್‌ರೇ ಲಕೋಟೆಯ ಮೇಲೆ ಬಿದ್ದಿತ್ತು. ಕತ್ತಲಾಗಲು ಇನ್ನೂ ಒಂದೂವರೆ ಗಂಟೆ ಇತ್ತು; ಅಲ್ಲಿಯ ತನಕ ಅವಳು ಏನೂ ಹೇಳುವಂತಿಲ್ಲ. ಆ ಯೋಚನೆ ಬಂದದ್ದೇ ದರ್ಜಿಗೆ ಒಂದು ಹೇಡಿ ಧೈರ್ಯ ಬಂತು. ಈಗ ಹೇಳಿಬಿಟ್ಟರೆ ಉತ್ತರ ಬರುವುದಿಲ್ಲ. ಒಂದೂವರೆ ಗಂಟೆಯಲ್ಲಿ ಅವಳ ಸಿಟ್ಟು ಆರಿರಬಹುದು. ಅವನು ರಸ್ತೆಯನ್ನು ನೋಡುತ್ತ, "ಲೇ ಇವಳೇ," ಎಂದ. "ಆವತ್ತು ಡಾಕ್ಟರು ಹೇಳಿದ್ರಲ್ಲ. ಇನ್ನು ಮೇಲೆ ಅಂತ. ಆವಾಗ ನನಗೆ ಏನಾಯ್ತು ಗೊತ್ತಾ. ಅಂದ್ರೆ ಆಮೇಲೆ ತುಂಬ ಬೇಜಾರಾಯ್ತು, ಅದು ಬೇರೆ. ಆದ್ರೆ ಮೊದಲು, ಒಂದು ಚೂರು, ಇಷ್ಟೇ ಇಷ್ಟು..." ಬೆರಳುಗಳ ನಡುವೆ ಅವನು ತೋರಿಸಿದ್ದು ಕಾಲಿಂಚು, ಪ್ರಾಮಾಣಿಕನಾಗಬೇಕೆಂದು ಅದನ್ನು ಅರ್ಧ ಇಂಚು ಮಾಡಿದ. "ಆರಾಮ ಅನ್ನಿಸ್ತು. ಮನೆ ಸುಮ್ಮನಿರುತ್ತಲ್ಲ ಅಂತ. ನಾನು ಅಂಥವನು. ನಿನಗೆ ಗೊತ್ತಿರಲಿ ಅಂತ ಹೇಳಿದೆ."

"ಗೊತ್ತು," ಎಂದಳು ಅವಳು.

ಅವನು ತಿರುಗಿ ನೋಡಿದ. "ಪ್ರಾಕ್ಟೀಸು?"

"ಸಾಕು ಬಿಡಿ, ಪಾಸಾದ್ರಿ. ನನಗೆ ಆವತ್ತೇ ಗೊತ್ತಾಯ್ತು. ನಿಮ್ಮ ಭುಜ ಅರ್ಧ ಇಂಚು ಕೆಳಗಿಳೀತು. ಮೂವತ್ತೆರಡು ವರ್ಷ ಭುಜದ ಅಳತೆ ಬರ್ಕೊಂಡಿದೀನಿ ನಾನು. ಬಲಗಡೆದು ಜಾಸ್ತಿ ಇಳೀತು."

ಬಸ್ಸೊಂದು ಬಂದು ನಿಂತು ಹೋಯಿತು. ಅದು ಅವರದ್ದೇ ಬಸ್ಸು. "ಸಿಟ್ಟು ಬರಲಿಲ್ವಾ?" ಎಂದು ಕೇಳಿದ.

"ಬಂತು. ಮನೆಗೆ ಹೋಗಿ ಬೈಬೇಕು ಅಂತಿದ್ದೆ. ಆಮೇಲೆ ಯೋಚನೆ ಮಾಡಿದ್ರೆ ನನಗೂ ಅದೇ ಅನ್ನಿಸಿತ್ತು." ಅವಳು ಮಾತು ನಿಲ್ಲಿಸಿ ಎಂಜಲು ನುಂಗಿದಳು; ನುಂಗುವಾಗ ಈಗೀಗ ನೋಯುತ್ತಿತ್ತು. "ಅಬ್ಬ, ಇನ್ನು ಇವರ ಸರದಿ, ಅಂತ. ನಿಮ್ಮ ಪಾಲಿನ ಮಾತೂ ನಾನೇ ಆಡ್ಕೊಂಡು ಬಂದಿದೀನಲ್ರೀ. ಇಬ್ಬರ ಮಾತು ಒಂದೇ ಗಂಟಲಲ್ಲಿ ಆಡಿದ್ರೆ ಗಂಟಲು ಇನ್ನೇನಾಗುತ್ತೆ?" ಅವನು ಬೆಂಚಿನ ಅಂಚನ್ನು ಹಿಡಿದುಕೊಂಡ. ಒಂದು ಸಲ ಸೂಜಿ ಉಗುಳಿದ್ದರೆ, ಒಬ್ಬ ಗಿರಾಕಿಗೆ ತಾನೇ ಉತ್ತರ ಕೊಟ್ಟಿದ್ದರೆ, ಅತ್ತಿಗೆಯ ಫೋನು ವಾರಕ್ಕೊಮ್ಮೆ ತಾನು ಎತ್ತಿದ್ದರೆ. "ಹಾಗಂತ ಡಾಕ್ಟರು ಹೇಳಿದ್ರಾ?" ಎಂದು ಕೇಳಿದಾಗ ಅವನ ದನಿಯೂ ಗೋಣಿತಟ್ಟಾಗಿತ್ತು.

"ಅಯ್ಯೋ ದೇವರೇ, ತಮಾಷೆ ಮಾಡಿದ್ದು ಕಣ್ರೀ," ಎಂದು ಅವಳು ನಗಲು ಶುರುಮಾಡಿದಳು. ಒಡೆದ, ಕೀರಲು, ನಡುನಡುವೆ ಕೆಮ್ಮು ಸೇರಿದ ನಗು. ಬೆಂಚಿನ ಆಚೆ ತುದಿಗೆ ಬಂದು ಕೂತಿದ್ದ ಹೆಂಗಸು ಎದ್ದು ದೂರ ನಿಂತಳು. "ದನ ಅಂತೆ," ಎಂದು ಹೇಳಿ ಮತ್ತೆ ನಕ್ಕಳು. "ಬ್ಯಾಟರಿ ಎಷ್ಟು ದಿನ ಬರುತ್ತೆ ಅಂತೆ." ಅವನಿಗೆ ನಗು ಬರಲಿಲ್ಲ. ಅವನು ಕೇಳುತ್ತಿದ್ದ. ಬಾಯಿ ತುಸು ತೆರೆದು, ಕತ್ತು ಮುಂದಕ್ಕೆ ಚಾಚಿ, ಕಿವುಡರು ಕೇಳುವ ಹಾಗೆ ಕೇಳುತ್ತಿದ್ದ. ಎರಡನೇ ಬಸ್ಸನ್ನೂ ಅವರು ಬಿಟ್ಟರು. ಮನೆ ಮುಟ್ಟುವ ತನಕ ಅವಳು ಮಾತಾಡಿದಳು, ಶುಕ್ರವಾರ ಮಾತಾಡಿದಳು, ಶನಿವಾರ ಅವನಿಗೆ ಹಾಲಿನವನ ಹತ್ತಿರ ಹೇಗೆ ಜಗಳವಾಡಬೇಕೆಂದು ಕಲಿಸಿದಳು, ಭಾನುವಾರ ಅಕ್ಕನ ಹತ್ತಿರ ಇಡೀ ದಿನ. ಸೋಮವಾರ ಬೆಳಿಗ್ಗೆ ಗಾಲಿಮಂಚದಲ್ಲಿ ಮಲಗಿಸಿ ಕರೆದುಕೊಂಡು ಹೋಗುವಾಗ ಕಡೆಯ ಮಾತು ಏನಿರಬಹುದೆಂದು ಅವನು ಉಸಿರು ಹಿಡಿದು ಪಕ್ಕದಲ್ಲೇ ನಡೆದ. ಬಾಗಿಲ ಹತ್ತಿರ ಅವಳು ತಲೆ ಎತ್ತಿ, ಗಾಲಿ ತಳ್ಳುತ್ತಿದ್ದವನಿಗೆ, "ಸ್ವಲ್ಪ ಎಡಕ್ಕೆ ತಗೊಳ್ಳಪ್ಪ, ಗೋಡೆಗೆ ತಾಗುತ್ತೆ" ಎಂದಳು. ಬಾಗಿಲು ಮುಚ್ಚಿತು.

ಆರನೇ ದಿನ ಡಾಕ್ಟರು ಸುತ್ತು ಬಂದಾಗ ಅವಳು ಮೂಗಿಗೆ ಆಹಾರದ ನಳಿಗೆ ಸಿಕ್ಕಿಸಿಕೊಂಡು, ಕತ್ತಿಗೆ ಬಟ್ಟೆ ಕಟ್ಟಿಕೊಂಡು, ಒರಗಿ ಕೂತಿದ್ದಳು. ಎರಡು ದಿನದಿಂದ ಬರೆಯುವ ಹಲಗೆಯನ್ನು ಮುಟ್ಟಿರಲಿಲ್ಲ, ಕೊಟ್ಟರೆ ಪಕ್ಕಕ್ಕಿಡುತ್ತಿದ್ದಳು. "ಹೇಗಿದ್ದೀರಿ?" ಎಂದು ಡಾಕ್ಟರು ಕೇಳಿದರು. ಅವಳು ಗಂಡನ ಕಡೆ ನೋಡಿದಳು. ಅವನು ಎದ್ದು ನಿಂತ. "ರಾತ್ರಿ ಎರಡು ಗಂಟೆ ನಿದ್ದೆ ಮಾಡಿದಾಳೆ, ಸಾರ್. ಎಡಗಿವಿ ಕೆಳಗೆ ಸೆಳೆತ ಇದೆ, ನಿನ್ನೆಗಿಂತ ಕಮ್ಮಿ. ಬೆಳಿಗ್ಗೆ ಬರೋ ನರ್ಸಮ್ಮ ಅವಸರದವರು, ಅವರು ಬೇಡ, ಮಧ್ಯಾಹ್ನದವರು ಆಗಬಹುದು. ಕಿಟಕಿ ತೆಗೀಬೇಕು, ಆದ್ರೆ ಪೂರ್ತಿ ಅಲ್ಲ. ಆಚೆ ಮಂಚದವರ ಮಗಳು ಯಾಕೆ ಬಂದಿಲ್ಲ ಅಂತ ಇವಳಿಗೆ ಚಿಂತೆ. ಹಸಿವಿಲ್ಲ. ಮನೆಗೆ ಯಾವತ್ತು ಹೋಗೋದು ಅಂತ ಕೇಳ್ತಿದಾಳೆ." ಒಂದೇ ಉಸಿರಿಗೆ ಇಷ್ಟು ಹೇಳಿ ಅವನು ಬೆವರು ಒರೆಸಿಕೊಂಡ. ಡಾಕ್ಟರು ಹಲಗೆಯನ್ನು ನೋಡಿದರು, ಅದು ಖಾಲಿಯಿತ್ತು. "ಇದೆಲ್ಲ ಅವರು ನಿಮಗೆ ಹೇಗೆ ಹೇಳಿದ್ರು?" ದರ್ಜಿ ಯೋಚಿಸಿದ. ಹೇಗೆಂದು ಅವನಿಗೂ ಗೊತ್ತಿರಲಿಲ್ಲ. "ಸರೀನೇನಮ್ಮ, ಇವರು ಹೇಳಿದ್ದು?" ಎಂದು ಡಾಕ್ಟರು ಅವಳನ್ನೇ ಕೇಳಿದರು. ಅವಳು ತಲೆಯಾಡಿಸಿದಳು, ಆಮೇಲೆ ಹೊದಿಕೆಯಿಂದ ಕೈ ಹೊರಗೆ ತೆಗೆದು ಒಂದು ಬೆರಳು ಎತ್ತಿ ತೋರಿಸಿದಳು.

"ಒಂದು ತಪ್ಪು?" ಎಂದ ದರ್ಜಿ. ಹೌದೆಂದು ತಲೆಯಾಡಿಸಿದಳು. "ಯಾವುದು? ನಿದ್ದೆ?" ಅಲ್ಲ. "ನರ್ಸಮ್ಮ?" ಅಲ್ಲ. ಡಾಕ್ಟರು ಹಲಗೆ ಮುಂದೆ ಮಾಡಿದರು, ಅವಳು ಕೈ ಹೊದಿಕೆಯೊಳಗೆ ಎಳೆದುಕೊಂಡಳು. ಅವರು ನಕ್ಕು ಮುಂದಿನ ಮಂಚಕ್ಕೆ ಹೋದರು. ದರ್ಜಿ ಕುರ್ಚಿಯನ್ನು ಮಂಚಕ್ಕೆ ತಾಗುವಷ್ಟು ಹತ್ತಿರ ಎಳೆದುಕೊಂಡು, ಅವಳ ಮುಖದಿಂದ ಕಣ್ಣು ತೆಗೆಯದೆ ಕೂತ. "ತಡಿ, ಮೊದಲಿಂದ ಬರೋಣ," ಎಂದ. "ಕಿಟಕಿ?"